ಕಿಟಕಿಯಿಂದ ಬಂದ ಚೀಟಿ

ನಮ್ಮ ಕಡೆ ಜಾಗದ ಗಡಿ ವಿಷಯದಲ್ಲಿ ಹಟ ಹಿಡಿದವನು ಕೌರವ. ಬೆಳಿಗ್ಗೆ ಹತ್ತಕ್ಕೆ ಏಳುವ ಮಗ ಕುಂಭಕರ್ಣ. ಇಲ್ಲಿಯದ್ದನ್ನು ಅಲ್ಲಿಗೆ ಮುಟ್ಟಿಸುವವನು ನಾರದ. ನಾನು ಸುಳ್ಯ ಪೇಟೆಯಲ್ಲಿ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವನು. ಅಳತೆ ಕೊಡಲು ಬಂದವರು ಮನೆಯ ಸಂಗತಿಗಳನ್ನು ಹೀಗೇ ಹೇಳುತ್ತಿದ್ದರು. "ನಮ್ಮ ಅತ್ತೆ ಕೈಕೇಯಿ, ಟೈಲರ್ರೇ" ಎಂದರೆ ಮುಂದಿನದ್ದನ್ನು ನಾನು ಕೇಳುವ ಅಗತ್ಯವಿರಲಿಲ್ಲ. ಅವರಲ್ಲಿ ಹೆಚ್ಚಿನವರು ಗ್ರಂಥ ಓದಿದವರಲ್ಲ. ನಾನೂ ಹತ್ತನೆಯ ತರಗತಿಗೆ ಪುಸ್ತಕ ಮುಚ್ಚಿದವನು. ಕೇಳಿ ಕೇಳಿ ಅದು ನಮ್ಮ ಮೈಗೆ ಹತ್ತಿದೆ. ಈಗಿನವರಿಗೂ ಹತ್ತಿದೆ. ಕಾರಿನ ಹಿಂದಿನ ಗಾಜಿನಲ್ಲಿ ಹನುಮಂತ ಇದ್ದಾನೆ, ಮೊಬೈಲಿನ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ಕೃಷ್ಣ ಬರುತ್ತಾನೆ. ಯಾರಿಗೆ ಯಾವಾಗ ಏನು ಬೇಕೋ ಅದನ್ನು ಪುರಾಣದಿಂದ ತೆಗೆದುಕೊಳ್ಳುತ್ತಾರೆ.

ನಾನೂ ತೆಗೆದುಕೊಂಡೆ. ನಾನು ಮಾಡಿದ ಒಂದು ತಪ್ಪನ್ನು ಮೂವತ್ತಕ್ಕೂ ಹೆಚ್ಚು ವರ್ಷ ಮುಚ್ಚಿಡಲು ನನಗೆ ಸಹಾಯ ಮಾಡಿದ್ದು ಪುರಾಣವೇ. ಅದನ್ನು ಇಲ್ಲಿ ಹೇಳುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ.

ತಾಳಮದ್ದಳೆ ಕೇಳದವರಿಗಾಗಿ ಎರಡು ಮಾತು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಶಾಲು ಹಾಕಿದವರು ಎದುರುಬದುರು ಕುಳಿತಿರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಅದು ಮುಗಿದ ಮೇಲೆ ಆ ಪಾತ್ರದವನು ತನ್ನ ಸ್ವಂತ ಮಾತಿನಲ್ಲಿ ಅರ್ಥ ಹೇಳಬೇಕು. ಬರೆದದ್ದು ಏನೂ ಇರುವುದಿಲ್ಲ. ಎದುರಿನವನು ಕೇಳಿದ್ದಕ್ಕೆ ಆ ಕ್ಷಣಕ್ಕೆ ಉತ್ತರ ಹುಟ್ಟಬೇಕು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು ಮಾತಾಡುವ ನಾವು ಕೂಟಕ್ಕೆ ಕುಳಿತರೆ ಮಾತ್ರ ಅಚ್ಚಗನ್ನಡದ ರಾಜರಾಗುತ್ತಿದ್ದೆವು. ದಿನವಿಡೀ ಕಾಜಾ ಹೊಲಿದು, ಗುಂಡಿ ಹಾಕಿ, ಗಿರಾಕಿಗಳಿಂದ ಬೈಸಿಕೊಳ್ಳುವವನಿಗೆ ಆ ಮೂರು ಗಂಟೆ ಎಂಥದ್ದು ಎಂದು ಹೇಳಿ ತಿಳಿಸುವುದು ಕಷ್ಟ.

ನನ್ನನ್ನು ಕೂಟಕ್ಕೆ ಕರೆತಂದವರು ಮಾಷ್ಟ್ರು. ಐವರ್ನಾಡಿನವರು, ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು, ನನಗಿಂತ ಐದು ವರ್ಷ ದೊಡ್ಡವರು. ಅಂಗಿ ಹೊಲಿಸಲು ಬಂದವರು ನಾನು ಮೆಷಿನ್ ತುಳಿಯುತ್ತಾ ಒಬ್ಬನೇ ಅರ್ಥ ಹೇಳಿಕೊಳ್ಳುವುದನ್ನು ಬಾಗಿಲಲ್ಲಿ ನಿಂತು ಕೇಳಿದ್ದರು.

"ಯಾರಿಗೆ ಹೇಳುದು ಅದು? ಸೂಜಿಗಾ?" ಎಂದರು.

ನಾನು ನಾಚಿದೆ. "ಹೀಗೇ ಮಾಷ್ಟ್ರೇ, ಹೊತ್ತು ಹೋಗ್ಲಿಕ್ಕೆ."

"ಸೂಜಿ ತಿರುಗಿ ಕೇಳುದಿಲ್ಲ ಮಾರಾಯ್ರೆ. ಭಾನುವಾರ ಬನ್ನಿ, ನಾನು ಕೇಳ್ತೇನೆ."

ಹಾಗೆ ಶುರುವಾದದ್ದು ಹನ್ನೆರಡು ವರ್ಷ ನಡೆಯಿತು. ಅವರು ರಾಮನಾದರೆ ನಾನು ವಾಲಿ, ಅವರು ಕೃಷ್ಣನಾದರೆ ನಾನು ಕೌರವ. ಕೂಟದಿಂದ ಬರುವಾಗ ಅವರ ಸ್ಕೂಟರಿನ ಹಿಂದೆ ಕುಳಿತು ಇನ್ನೊಮ್ಮೆ ಜಗಳವಾಡುತ್ತಿದ್ದೆ. ನನ್ನ ಮದುವೆಗೆ ಹೆಣ್ಣು ನೋಡಲು ಬಂದವರು ಅವರು. ಹೆಂಡತಿ ತೀರಿಕೊಂಡಾಗ ಹನ್ನೊಂದು ದಿನವೂ ನನ್ನ ಜೊತೆ ಕುಳಿತವರು ಅವರು. ನನಗೆ ಮಕ್ಕಳಿಲ್ಲ. ಗೆಳೆಯ ಎಂದು ಹೇಳಬಹುದಾದವರು ಮತ್ತೊಬ್ಬರು ನನಗೆ ಸಿಗಲಿಲ್ಲ.

ಅದು ಆಟಿ ತಿಂಗಳ ಒಂದು ಭಾನುವಾರ. ಜೋರು ಮಳೆಯಿಂದ ಗದ್ದೆ ತೋಟದ ಕೆಲಸ ಕಡಿಮೆ ಇರುವ ಕಾಲ, ಕೂಟಗಳ ಕಾಲ. ಐವರ್ನಾಡಿನಿಂದ ಐದಾರು ಮೈಲಿ ದೂರದ ಒಂದು ಶಾಲೆಯ ಕೋಣೆಯಲ್ಲಿ ಮಧ್ಯಾಹ್ನ ಎರಡಕ್ಕೆ ವಾಲಿಯ ಕಥೆ ಇಟ್ಟಿದ್ದರು. ಪುತ್ತೂರಿನಿಂದಲೂ ಜನ ಬಂದಿದ್ದರು. ಮಾಷ್ಟ್ರ ತಂದೆಗೆ ಒಂದು ವಾರದಿಂದ ಸೌಖ್ಯವಿರಲಿಲ್ಲ. ನೋಡಿಕೊಳ್ಳಲು ಅವರ ಅಕ್ಕ ಗಂಡನ ಮನೆಯಿಂದ ಬಂದಿದ್ದರು. ಹೆಚ್ಚು ಕಡಿಮೆ ಆದರೆ ಹೇಳಿಕಳಿಸುವುದೆಂದು ಮಾತಾಗಿ ಮಾಷ್ಟ್ರು ಹೊರಟಿದ್ದರು. ಫೋನು ಎಲ್ಲೋ ಒಂದೆರಡು ಮನೆಗಳಲ್ಲಿ ಮಾತ್ರ ಇದ್ದ ಕಾಲವದು.

ರಾಮ ಮರದ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ವಾಲಿ ಬೀಳುತ್ತಾನೆ. ಬಿದ್ದಲ್ಲಿಂದಲೇ ಅವನು ರಾಮನನ್ನು ಪ್ರಶ್ನಿಸುತ್ತಾನೆ. ಕೂಟಕ್ಕೆ ಬಂದವರೆಲ್ಲ ಕಾಯುವುದು ಅದಕ್ಕೆ. ಭಾಗವತರು ಆ ಪದ್ಯ ಎತ್ತಿಕೊಂಡಿದ್ದರು. ನಾನು ಕಿಟಕಿಯ ಪಕ್ಕ ಕುಳಿತಿದ್ದೆ. ಮಾಷ್ಟ್ರು ಕೋಣೆಯ ಆಚೆ ಬದಿ, ನಡುವೆ ಮದ್ದಳೆಯವರು, ತಾಳದವರು. ಕಿಟಕಿಯ ಸರಳಿನ ಎಡೆಯಿಂದ ಒಂದು ಕೈ ಬಂತು. ಮಾಷ್ಟ್ರ ಮನೆಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಆಳು. ನನ್ನ ಪರಿಚಯ ಅವನಿಗಿರಲಿಲ್ಲ.

"ಮಾಷ್ಟ್ರಿಗೆ ಕೊಡಿ. ಮನೆಯಿಂದ," ಎಂದ. "ನಾನು ಡಾಕ್ಟ್ರನ್ನು ಕರೀಲಿಕ್ಕೆ ಹೋಗುದು."

ಅವನನ್ನು ಕರೆತಂದ ಜೀಪು ಹೊರಟ ಸದ್ದು ಕೇಳಿಸಿತು. ನಾನು ಚೀಟಿ ಬಿಡಿಸಿದೆ. "ಅಪ್ಪನಿಗೆ ಜೋರಾಗಿದೆ. ನಿನ್ನನ್ನು ಕೇಳುತ್ತಿದ್ದಾರೆ. ಇದು ಸಿಕ್ಕಿದ ಕೂಡಲೇ ಹೊರಡು." ಅಕ್ಕನ ಅಕ್ಷರ. ಗೋಡೆಯ ಗಡಿಯಾರದಲ್ಲಿ ಮೂರೂವರೆ.

ಪದ್ಯದ ಕೊನೆಯ ಸಾಲು ನಡೆಯುತ್ತಿತ್ತು. ನಾನು ಚೀಟಿಯನ್ನು ಆಚೆಗೆ ದಾಟಿಸಿದರೆ ಕೂಟ ಅಲ್ಲಿಗೇ ನಿಲ್ಲುತ್ತಿತ್ತು, ಬೇರೆ ರಾಮ ಇರಲಿಲ್ಲ. ಹನ್ನೆರಡು ವರ್ಷ ನಾನು ಮಾಷ್ಟ್ರಿಗೆ ಎದುರಾಳಿಯಾಗಿ ಕುಳಿತಿದ್ದೆ, ಜನ ಹೊಗಳಿದ್ದು ಯಾವಾಗಲೂ ಅವರನ್ನು. ಅವತ್ತು ಬೆಳಿಗ್ಗೆಯಿಂದ ನನ್ನ ಬಾಯಲ್ಲಿ ಮಾತು ತುಂಬಿತ್ತು. ಅರ್ಧ ಗಂಟೆ, ಎಂದುಕೊಂಡೆ. ನನ್ನದೊಂದು ಮುಗಿದ ಕೂಡಲೇ ಕೊಡುತ್ತೇನೆ. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿದೆ.

ಎಂದೂ ಮಾತಾಡದ ಹಾಗೆ ಮಾತಾಡಿದೆ. "ಎದುರು ನಿಂತು ಕೇಳಿದ್ದರೆ ಪ್ರಾಣವನ್ನೇ ಕೊಡುತ್ತಿದ್ದೆ. ಮರೆಯಲ್ಲಿ ನಿಂತು ತೆಗೆದುಕೊಂಡೆಯಲ್ಲ, ಅದಕ್ಕೆ ನಮ್ಮ ಕಾಡಿನಲ್ಲಿ ಕಳವು ಎನ್ನುತ್ತಾರೆ. ನಿಮ್ಮ ಅಯೋಧ್ಯೆಯಲ್ಲಿ ಅದರ ಹೆಸರೇನು?" ಕೋಣೆ ತುಂಬ ಚಪ್ಪಾಳೆ. ಮುದುಕರು ಎದ್ದು ನಿಂತರು. ಜೇಬಿನಲ್ಲಿ ಇನ್ನೊಬ್ಬನ ಚೀಟಿ ಬಚ್ಚಿಟ್ಟುಕೊಂಡು ನಾನು ದೇವರಿಗೆ ಮರೆಮೋಸದ ವಿಷಯ ಹೇಳುತ್ತಿದ್ದೆ. ಅದು ನನಗೆ ಆಗ ಹೊಳೆಯಲೂ ಇಲ್ಲ. ನನ್ನದು ಮುಗಿಯುವಾಗ ನಾಲ್ಕೂಕಾಲು. ಮಾಷ್ಟ್ರು ಉತ್ತರ ಎತ್ತಿಕೊಂಡರು. ಅವರ ಮಾತಿನ ಮಧ್ಯದಲ್ಲಿ ಹೇಗೆ ಕೊಡುವುದು ಎಂದು ಸುಮ್ಮನಾದೆ. ಮಂಗಳ ಹಾಡುವಾಗ ಐದು ದಾಟಿತ್ತು. ಆಮೇಲೆ ಕೊಡಲು ಹೆದರಿಕೆ. ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದರೆ?

"ಮಾಷ್ಟ್ರೇ, ನೀವಿನ್ನು ಹೊರಡಿ. ಅಪ್ಪನಿಗೆ ಹುಷಾರಿಲ್ಲ ಅಲ್ವಾ," ಎಂದೆ, ಅಷ್ಟೆ.

"ಚಾ ಕುಡಿದು ಹೋಗುವ. ಇವತ್ತು ನನ್ನನ್ನು ಪೂರ್ತಿ ಸೋಲಿಸಿದ್ರಿ ಮಾರಾಯ್ರೆ," ಎಂದು ನನ್ನ ಬೆನ್ನು ತಟ್ಟಿದರು.

ಅವರ ತಂದೆ ಹೋದದ್ದು ಐದೂಕಾಲಿಗೆ. ಅವರು ಮನೆ ಮುಟ್ಟುವಾಗ ಆರು.

ಮೂರನೆಯ ದಿನ ಅವರು ನನ್ನ ಅಂಗಡಿಗೆ ಬಂದರು. ಸ್ಟೂಲಿನಲ್ಲಿ ಕುಳಿತುಕೊಳ್ಳಲಿಲ್ಲ. "ಅಕ್ಕ ಚೀಟಿ ಕಳಿಸಿದ್ದಳಂತೆ. ಆಳು ಕೂಟದವರ ಕೈಗೆ ಕೊಟ್ಟೆ ಅಂತ ಹೇಳ್ತಾನೆ, ಯಾರ ಕೈಗೆ ಅಂತ ಗೊತ್ತಿಲ್ಲ ಅವನಿಗೆ. ನಿಮ್ಮ ಕೈಗೆ ಬಂದಿತ್ತಾ?"

"ಇಲ್ಲ ಮಾಷ್ಟ್ರೇ. ಬಂದಿದ್ರೆ ಕೊಡದೆ ಇರ್ತೇನಾ?"

"ಅದೂ ಹೌದು," ಎಂದರು. ಹಾಗೆ ಕೇಳಿದ್ದಕ್ಕೆ ಅವರೇ ನಾಚಿಕೊಂಡರು.

ಅವರು ಹೋಗಿ, ಚೀಟಿ ಬರಲಿಲ್ಲ ಎಂದು ಅಕ್ಕನಿಗೆ ಹೇಳಿದರು. ಅಕ್ಕ ನಂಬಲಿಲ್ಲ. ಚೀಟಿ ಓದಿಯೂ ಮಾತಿನ ರುಚಿಗೆ ತಮ್ಮ ಕುಳಿತುಬಿಟ್ಟ ಎಂದೇ ಅವರ ನಂಬಿಕೆ. ಹನ್ನೊಂದರ ದಿನ ನೆಂಟರೆಲ್ಲರ ಎದುರು, "ಸಿಗಲಿಲ್ಲ ಅಂತ ದೈವದ ಎದುರು ಹೇಳ್ತೀಯಾ?" ಎಂದು ಕೇಳಿದರು. ಮಾಷ್ಟ್ರು, "ಸತ್ತ ಅಪ್ಪನ ವಿಷಯಕ್ಕೆ ದೈವವನ್ನು ಯಾಕೆ ಎಳೆಯುದು? ನನ್ನ ಮಾತು ಸಾಲದಾ ನಿಂಗೆ?" ಎಂದರು. ನಮ್ಮ ಊರಿನಲ್ಲಿ ಆಣೆಗೆ ಹಿಂಜರಿದವನು ತಪ್ಪು ಮಾಡಿದವನು. ಅಂದಿನಿಂದ ಅಕ್ಕ ತಮ್ಮನ ಮಾತು ನಿಂತಿತು. ಆ ಆಳು ರಬ್ಬರ್ ಕೆಲಸಕ್ಕೆಂದು ಕೇರಳದ ಕಡೆಗೆ ಹೋದವನು ತಿರುಗಿ ಬರಲಿಲ್ಲ. ಆಸ್ತಿ ಪಾಲಾಗುವಾಗ ಮಾಷ್ಟ್ರು ಐವರ್ನಾಡಿನ ಮನೆಯನ್ನು ಅಕ್ಕನಿಗೇ ಬಿಟ್ಟುಕೊಟ್ಟು ಇಚಿಲಂಪಾಡಿಗೆ ಹೋದರು. ಅಕ್ಕ ಗಂಡನ ಜೊತೆ ಐವರ್ನಾಡಿನಲ್ಲೇ ನಿಂತರು. ಎರಡೂ ಮನೆಗಳ ಮದುವೆಗಳು ನಡೆದವು, ಒಬ್ಬರಿಗೊಬ್ಬರು ಕರೆಯ ಕಾಗದ ಕೊಡಲಿಲ್ಲ. ಮಾಷ್ಟ್ರು ಕೂಟಕ್ಕೆ ಕುಳಿತುಕೊಳ್ಳುವುದನ್ನೂ ಬಿಟ್ಟರು.

ಚೀಟಿ ಅಂಗಿಯ ಜೇಬಿನಲ್ಲೇ ಒಗೆಯಲು ಹೋಗಿ ಮುದ್ದೆಯಾಗಿತ್ತು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅದರ ಬದಲು ಪುರಾಣ ಹುಡುಕಿದೆ. ಧರ್ಮರಾಯನೇ ಯುದ್ಧದಲ್ಲಿ ಅರ್ಧ ಸತ್ಯ ಹೇಳಲಿಲ್ಲವೇ? ಕುಂತಿ ಮಗನ ವಿಷಯವನ್ನೇ ಬಚ್ಚಿಡಲಿಲ್ಲವೇ? ತಂದೆ ಸಾಯುವಾಗ ರಾಮನೂ ಹತ್ತಿರ ಇರಲಿಲ್ಲ, ಮಾಷ್ಟ್ರ ಹಣೆಬರಹವೂ ಹಾಗೆಯೇ ಇತ್ತು, ಚೀಟಿ ಬರೀ ನೆಪ. ಮೆಷಿನ್ ತುಳಿಯುತ್ತಾ ಇದನ್ನೇ ಹೇಳಿಕೊಂಡೆ. ನನ್ನ ಪರವಾಗಿ ನಾನು ಹೇಳಿದಷ್ಟು ಅರ್ಥವನ್ನು ಯಾವ ಕೂಟದಲ್ಲೂ ಹೇಳಿಲ್ಲ. ಹಗಲು ಹೇಗೋ ಅದರಿಂದ ನಡೆದುಹೋಗುತ್ತಿತ್ತು. ಆದರೆ ಊರಿನಲ್ಲಿ ರಾತ್ರಿ ನಡೆಯುವ ದೈವದ ನೇಮಕ್ಕೆ ಮಾತ್ರ ನಾನು ಆ ವರ್ಷದಿಂದ ಹೋಗಲಿಲ್ಲ. ಪಾತ್ರಿಯ ಮೈಮೇಲೆ ಬಂದ ದೈವ ಜನರ ನಡುವಿನಿಂದ ನನ್ನನ್ನೇ ಕೈಮಾಡಿ ಕರೆದರೆ ಎಂಬ ಹೆದರಿಕೆ. ಊರಿಗೆ ಊರೇ ಅಲ್ಲಿ ಸೇರಿರುವಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತಿರುತ್ತಿದ್ದೆ. ಕೇಳಿದವರಿಗೆ ಗಂಟುನೋವು ಎಂದೆ. ಮಾಷ್ಟ್ರು ವರ್ಷಕ್ಕೆ ಒಂದೆರಡು ಸಲ ಫೋನ್ ಮಾಡುತ್ತಿದ್ದರು. ನಾನು ಬೇಗ ಇಟ್ಟುಬಿಡುತ್ತಿದ್ದೆ.

ಹೋದ ವರ್ಷ ಪುತ್ತೂರಿನ ಒಬ್ಬರು ಹಳೆಯ ಕೂಟಗಳ ಕ್ಯಾಸೆಟ್ಟುಗಳನ್ನು ಒಟ್ಟು ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಅದರಲ್ಲಿ ಆ ಭಾನುವಾರದ್ದೂ ಇತ್ತು. ಅಂದು ಯಾರೋ ಟೇಪ್ ರೆಕಾರ್ಡರ್ ಇಟ್ಟಿದ್ದದ್ದು ನನಗೆ ಮರೆತೇ ಹೋಗಿತ್ತು. ಕಳವಿನ ಮಾತಿನ ತುಂಡನ್ನು ಕತ್ತರಿಸಿ, ಹಿಂದೆ ಜೋರಾದ ಸಂಗೀತ ಸೇರಿಸಿ, ಕಂಪ್ಯೂಟರಿನಲ್ಲಿ ಮಾಡಿದ ಬಿಲ್ಲುಗಾರನ ಚಿತ್ರ ಹಾಕಿ ಹುಡುಗರು ಹಂಚಿದರು. ಎಪ್ಪತ್ತಾರನೆಯ ವಯಸ್ಸಿಗೆ ನಾನು ಪ್ರಸಿದ್ಧನಾದೆ. ಪಂಚಾಯತಿನ ಜಗಳದಲ್ಲಿ ಒಬ್ಬ ಸದಸ್ಯ ಇನ್ನೊಬ್ಬನ ಮೇಲೆ ಅದೇ ಮಾತನ್ನು ಬಿಟ್ಟನಂತೆ. ಕ್ಷೌರದ ಅಂಗಡಿಯಲ್ಲಿ ಕುಳಿತಿದ್ದಾಗ ಒಬ್ಬ ಯುವಕ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಅಜ್ಜ, ಇದು ನೀವೇ ಅಲ್ವಾ? ಎಂಥಾ ಡೈಲಾಗ್ ಮಾರಾಯ್ರೆ. ನಂಗೆ ಬಾಯಿಪಾಠ ಉಂಟು."

"ನಾನೇ," ಎಂದೆ.

"ಎದುರಿನವರದ್ದು ಸ್ವಲ್ಪ ಸಪ್ಪೆ ಆಯ್ತು ಅಲ್ಲ? ನಿಮ್ಮ ಮುಂದೆ ಅವರು ನಿಲ್ಲುದಿಲ್ಲ."

ಮನೆಗೆ ಬಂದು ಪೂರ್ತಿ ಕೇಳಿದೆ. ನನ್ನ ಮಾತು ಶುರುವಾಗುವ ಮೊದಲು, ಭಾಗವತರ ಸ್ವರದ ಅಡಿಯಲ್ಲಿ, ಒಂದು ಗಂಡಸಿನ ದನಿ. "ಮಾಷ್ಟ್ರಿಗೆ ಕೊಡಿ. ಮನೆಯಿಂದ." ಆಮೇಲೆ ಕಾಗದ ಬಿಡಿಸುವ ಸದ್ದು. ಟೇಪ್ ರೆಕಾರ್ಡರನ್ನು ಇಟ್ಟದ್ದು ನನ್ನ ಪಕ್ಕದ ಕಿಟಕಿಯ ದಂಡೆಯ ಮೇಲೆ ಇರಬೇಕು.

ಹತ್ತಿಪ್ಪತ್ತು ಸಲ ಕೇಳಿದೆ. ಅಷ್ಟು ಜನ ಹೊಗಳಿ ಬರೆದಿದ್ದರು, ಒಬ್ಬರೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಮಾಷ್ಟ್ರು ಕೇಳಿಸಿಕೊಳ್ಳುತ್ತಾರೆ, ಕಿಟಕಿಯ ಪಕ್ಕ ಯಾರು ಕುಳಿತಿದ್ದರೆಂದು ನೆನಪಿಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಇಚಿಲಂಪಾಡಿಗೆ ಹೊರಟದ್ದು ಪಶ್ಚಾತ್ತಾಪದಿಂದ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನಿಜ ಹೇಳಬೇಕೆಂದರೆ ಹೊರಟದ್ದು ಸಿಕ್ಕಿಬೀಳುವ ಹೆದರಿಕೆಯಿಂದ. ಪಶ್ಚಾತ್ತಾಪ ದಾರಿಯಲ್ಲಿ ಸೇರಿಕೊಂಡಿತು.

ಮಾಷ್ಟ್ರು ಈಗ ಅಲ್ಲೇ ಮಗಳ ಮನೆಯಲ್ಲಿದ್ದಾರೆ. ನಾನು ಹೋಗುವಾಗ ಜಗಲಿಯಲ್ಲಿ ಬೆಂಚಿನ ಮೇಲೆ ಕುಳಿತು ಅಲಸಂಡೆ ಕಾಯಿ ಮುರಿಯುತ್ತಿದ್ದರು. ತುಂಬ ಸಣ್ಣಗಾಗಿದ್ದರು.

"ಓ, ಕಿಷ್ಕಿಂಧೆಯ ಅರಸರು," ಎಂದರು. "ಬಸ್ಸಿನಲ್ಲಿ ಬಂದ್ರಾ, ಹಾರಿ ಬಂದ್ರಾ?"

"ಬಸ್ಸಿನಲ್ಲಿ. ಕಡಬದಲ್ಲಿ ಅರ್ಧ ಗಂಟೆ ಕಾದೆ."

"ಕೂತುಕೊಳ್ಳಿ. ಕೈ ಸುಮ್ಮನೆ ಯಾಕೆ, ನೀವೂ ನಾಲ್ಕು ಮುರಿಯಿರಿ."

ಮೊರವನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ, ಒಂದಷ್ಟು ಹೊತ್ತು ಇಬ್ಬರೂ ಮುರಿದೆವು. ನಾನು ಬಸ್ಸಿನಲ್ಲಿ ಎಲ್ಲವನ್ನೂ ಜೋಡಿಸಿಕೊಂಡು ಬಂದಿದ್ದೆ. ವಿಧಿ ಮನುಷ್ಯನ ಕೈಯಿಂದ ಹೇಗೆ ತಪ್ಪು ಮಾಡಿಸುತ್ತದೆ ಎಂಬಲ್ಲಿಂದ ಎತ್ತಿಕೊಂಡೆ. ಧರ್ಮರಾಯನ ಹೆಸರು ಬರುವ ಹೊತ್ತಿಗೆ ಅವರು ಕೈ ಎತ್ತಿದರು.

"ಪೀಠಿಕೆ ಬೇಡ ಟೈಲರ್ರೇ. ಹೇಳ್ಲಿಕ್ಕೆ ಬಂದದ್ದನ್ನು ಹೇಳಿ."

"ಅವತ್ತು ಚೀಟಿ ನನ್ನ ಕೈಗೆ ಬಂದಿತ್ತು."

"ಗೊತ್ತುಂಟು," ಎಂದರು. "ಮೊಮ್ಮಗಳು ಕಿವಿಗೆ ವಯರ್ ಸಿಕ್ಕಿಸಿ ಕೇಳಿಸಿದಳು. ತಿಂಗಳು ಒಂದಾಯ್ತು."

"ಮತ್ತೆ ಯಾಕೆ ಫೋನ್ ಮಾಡ್ಲಿಲ್ಲ?"

"ನೀವು ಬರ್ತೀರಾ ಇಲ್ವಾ ಅಂತ ನೋಡುವ ಅಂತ." ಒಂದು ಕಾಯಿ ಮುರಿದರು. "ಯಾಕೆ ಕೊಡ್ಲಿಲ್ಲ?"

"ಅವತ್ತು ನಂಗೆ ಮಾತು ಬರ್ತಾ ಇತ್ತು ಮಾಷ್ಟ್ರೇ. ನಿಮ್ಮನ್ನು ಒಂದು ಸಲ ಸೋಲಿಸ್ಬೇಕು ಅಂತ ಇತ್ತು."

ಅವರು ಅಂಗಳದ ಕಡೆ ನೋಡಿದರು. "ಹೌದು. ಅವತ್ತು ನೀವು ಒಳ್ಳೆದು ಮಾತಾಡಿದ್ರಿ," ಎಂದರು. ಅದರಲ್ಲಿ ಕೊಂಕು ಇರಲಿಲ್ಲ, ಅರ್ಥ ಹೇಳುವವನಿಗೆ ಅದು ಗೊತ್ತಾಗುತ್ತದೆ. "ಅದು ನಂಗೆ ಅರ್ಥ ಆಗ್ತದೆ. ನಾನೂ ಕೂಟಕ್ಕೆ ಕೂತವನೇ. ಮೂರನೇ ದಿನ ನಿಮ್ಮ ಅಂಗಡಿಗೆ ಬಂದು ಕೇಳಿದೆನಲ್ಲ? ಆಗ ಯಾರೂ ಪದ್ಯ ಹೇಳ್ತಾ ಇರ್ಲಿಲ್ಲ."

ಇದಕ್ಕೆ ನನ್ನ ಹತ್ತಿರ ಯಾವ ಪುರಾಣವೂ ಇರಲಿಲ್ಲ. ಅವರು ಕಾದರು. ಕೂಟದಲ್ಲಿ ಎದುರಿನವನಿಗೆ ಮಾತು ತಪ್ಪಿದರೆ ಅವರು ತಾವೇ ಒಂದು ಎಳೆ ಎತ್ತಿ ಕೊಡುತ್ತಿದ್ದರು. ಅವತ್ತು ಕೊಡಲಿಲ್ಲ.

ಕೊನೆಗೆ ಮೊಮ್ಮಗಳನ್ನು ಕರೆದು ಐವರ್ನಾಡಿನ ಮನೆಯ ನಂಬರ್ ಹುಡುಕಿಸಿದರು. ಅವರ ಹತ್ತಿರ ಅದು ಇರಲಿಲ್ಲ, ಅವಳು ಯಾರು ಯಾರನ್ನೋ ಕೇಳಿ ಪಡೆದಳು. ಫೋನನ್ನು ನನ್ನ ಕಡೆ ಚಾಚಿದರು.

"ನಾನು ಹೇಳಿದ್ರೆ ಈ ಪ್ರಾಯದಲ್ಲಿ ಹೊಸ ಸುಳ್ಳು ಅಂತ ಹೇಳ್ತಾಳೆ. ನೀವೇ ಹೇಳಿ."

ಅಕ್ಕನಿಗೆ ಎಂಬತ್ತೇಳು. ಫೋನ್ ಎತ್ತಿ "ಯಾರು?" ಎಂದರು. ನಾನು ಸುಳ್ಯದ ಟೈಲರ್ ಎಂದೆ. "ಯಾವ ಟೈಲರ್?" ಎಂದು ಕೇಳಿದರು. ವಾಲಿ ಮಾಡುತ್ತಿದ್ದವನು ಎಂದು ಹೇಳಬೇಕಾಯಿತು.

"ಅಕ್ಕಾ, ಅಪ್ಪ ಹೋದ ದಿನ ನೀವು ಕಳಿಸಿದ ಚೀಟಿ ನನ್ನ ಕೈಗೆ ಬಂದದ್ದು. ನಾನು ಮಾಷ್ಟ್ರಿಗೆ ಕೊಡ್ಲಿಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ. ಆಮೇಲೆ ಕೇಳಿದಾಗ್ಲೂ ಸುಳ್ಳು ಹೇಳಿದೆ."

ಆಚೆಯಿಂದ ಒಂದು ಕೋಳಿ ಕೂಗುವುದು, ಯಾರೋ ಬಾವಿಗೆ ಕೊಡ ಇಳಿಸುವುದು ಕೇಳಿಸಿತು. ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಕ್ಷಮಿಸಿ ಎನ್ನಲು ಜಾಗ ಸಿಗುತ್ತಿತ್ತು.

"ಫೋನ್ ತಮ್ಮನಿಗೆ ಕೊಡಿ," ಎಂದರು.

ಕೊಟ್ಟೆ. ಮಾಷ್ಟ್ರು ಎರಡೂ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡರು. ಮನೆಮಾತಿನಲ್ಲಿ ಮೊದಲು ಊಟ ಆಯಿತಾ ಎಂದು ಕೇಳಿದರು. ಆಮೇಲೆ ಮೊಣಕಾಲಿನ ವಿಷಯ, ಭಾವ ಹೋದ ವಿಷಯ. ಚೀಟಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ನಡುವೆ ಅವರು ನಕ್ಕರು. ಆಮೇಲೆ ಅಳುತ್ತಾ ಇದ್ದರು, ಹಾಗೆಯೇ ಮಾತಾಡುತ್ತಲೂ ಇದ್ದರು. ಮಗಳು ಒಳಗಿನಿಂದ ಬಂದು ಅವರ ಪಕ್ಕ ಕುಳಿತಳು. ಮೊಮ್ಮಗಳೂ ಬಂದಳು.

ನಾನು ಮೊರವನ್ನು ಬೆಂಚಿನ ಮೇಲಿಟ್ಟು ಅಂಗಳಕ್ಕೆ ಇಳಿದೆ. ಕುಳಿತುಕೊಳ್ಳಿ ಎಂದೂ, ಹೋಗಿ ಎಂದೂ ಯಾರೂ ಹೇಳಲಿಲ್ಲ. ಅವರ ಕಣ್ಣಿಗೆ ನಾನು ಬೀಳಲೇ ಇಲ್ಲ. ಸ್ವಲ್ಪ ಹೊತ್ತು ನಿಂತೆ. ಆಮೇಲೆ ಚಪ್ಪಲಿ ಹಾಕಿಕೊಂಡು ಮಾರ್ಗಕ್ಕೆ ನಡೆದೆ.

ಮಾಷ್ಟ್ರು ಮತ್ತೆ ಫೋನ್ ಮಾಡಿಲ್ಲ. ಎರಡು ಸಲ ನಾನೇ ಮಾಡಿದೆ, ಮಗಳು ತೆಗೆದು ಮಲಗಿದ್ದಾರೆ ಎಂದಳು. ಇದನ್ನು ಬರೆಯಲೇ ಎಂದು ಅವಳ ಮೂಲಕವೇ ಕೇಳಿಸಿದೆ. ಹೆಸರು ಹಾಕದಿದ್ದರೆ ಬರೆಯಬಹುದಂತೆ, ಅಷ್ಟೇ ಉತ್ತರ ಬಂತು. ಹೋದ ತಿಂಗಳು ಐವರ್ನಾಡಿನಲ್ಲಿ ಅವರ ಮನೆಯ ದೈವಕ್ಕೆ ತಂಬಿಲದ ಪೂಜೆ ಇದೆಯೆಂದು ಮೊದಲೇ ನನ್ನ ಕಿವಿಗೆ ಬಿದ್ದಿತ್ತು. ಮಾಷ್ಟ್ರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದರೆಂದು ಪೇಟೆಯಲ್ಲಿ ಸಿಕ್ಕಿದ ಒಬ್ಬರು ಆಮೇಲೆ ಹೇಳಿದರು. ಅಕ್ಕ ತಮ್ಮ ಒಂದೇ ಚಾಪೆಯಲ್ಲಿ ಕುಳಿತು ಪ್ರಸಾದ ತೆಗೆದುಕೊಂಡರಂತೆ. ನನಗೆ ಬನ್ನಿ ಎಂಬ ಹೇಳಿಕೆ ಬಂದಿರಲಿಲ್ಲ. ಬರುತ್ತದೆ ಎಂದು ನಾನು ಕಾದಿರಲೂ ಇಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ದಿನ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಕುಳಿತಿದ್ದೆ.